ಓದುಗರಿಗೆ ಶಾಯಿ ಕೊಟ್ಟ ಗ್ರಂಥಾಲಯ

ಮುಸ್ಲಿಮ್ ಜಗತ್ತಿನ ಹಳೆಯ ಗ್ರಂಥಾಲಯಗಳ ಮಾತು ಬಂದಾಗ ನಾವು ಮೊದಲು ಹೇಳುವುದು ಪುಸ್ತಕಗಳ ಸಂಖ್ಯೆಯನ್ನು. ಲಕ್ಷಗಳ ಆ ಲೆಕ್ಕದಲ್ಲಿ ಉತ್ಪ್ರೇಕ್ಷೆ ಎಷ್ಟೋ! ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಬೇರೊಂದು ಸಣ್ಣ ಲೆಕ್ಕ.

ಫಾತಿಮೀ ಖಲೀಫ ಅಲ್-ಹಾಕಿಮ್ 1005ರಲ್ಲಿ ಕೈರೋದಲ್ಲಿ ‘ದಾರುಲ್ ಇಲ್ಮ್’ ಎಂಬ ವಿದ್ಯಾಕೇಂದ್ರವನ್ನು ತೆರೆದ. ಅರಮನೆಯ ಗ್ರಂಥಗಳು ಅಲ್ಲಿಗೆ ಬಂದವು. ಧರ್ಮಶಾಸ್ತ್ರ, ವ್ಯಾಕರಣ, ಖಗೋಳ, ವೈದ್ಯಗಳ ವಿದ್ವಾಂಸರು ಅಲ್ಲಿ ಕೂತರು. ಜನಸಾಮಾನ್ಯರಿಗೂ ಪ್ರವೇಶವಿತ್ತು. ಅದರ ವಾರ್ಷಿಕ ಖರ್ಚಿನ ಪಟ್ಟಿಯನ್ನು ಇತಿಹಾಸಕಾರ ಮಖ್ರೀಜಿ ಬರೆದಿಟ್ಟಿದ್ದಾರೆ. ಒಟ್ಟು 257 ದೀನಾರ್. ನಕಲು ಮಾಡುವ ಕಾಗದಕ್ಕೆ 90, ಗ್ರಂಥಪಾಲನಿಗೆ 48, ಚಾಪೆಗೆ 10. ಕುಡಿಯುವ ನೀರಿಗೆ 12, ಓದಲು ಬಂದವರ ಕಾಗದ, ಶಾಯಿ, ಲೇಖನಿಗೆ 12, ಹರಿದ ಪುಸ್ತಕಗಳ ದುರಸ್ತಿಗೂ 12. ಚಳಿಗಾಲದ ಹಾಸಿಗೆ ಬೇರೆ ಹಣ. ಓದುಗನ ಬಾಯಾರಿಕೆ, ಅವನ ಚಳಿ ಕೂಡ ಗ್ರಂಥಾಲಯದ ಲೆಕ್ಕಪುಸ್ತಕ ಸೇರಿದ್ದವು.

ಹಾಗೆಂದು ಅದು ಸ್ವರ್ಗವಲ್ಲ. ಪಂಥಪ್ರಚಾರವೂ ಅದರ ಉದ್ದೇಶಗಳಲ್ಲೊಂದು. 1068ರಲ್ಲಿ ಸಂಬಳ ಸಿಗದ ಸೈನಿಕರು ಅರಮನೆಯ ಗ್ರಂಥಭಂಡಾರವನ್ನೇ ದೋಚಿದರು. ಹೊದಿಕೆಯ ಚರ್ಮ ಚಪ್ಪಲಿಯಾಯಿತೆಂದು ಹೇಳುವವರೂ ಇದೇ ಮಖ್ರೀಜಿ.

ಪುಸ್ತಕ ಇದ್ದರಷ್ಟೇ ಸಾಲದು, ಅದು ಕೈಗೆ ಸಿಗಬೇಕು. ಬುಖಾರಾದ ಸಾಮಾನೀ ದೊರೆಯ ಗ್ರಂಥಾಲಯಕ್ಕೆ ಹೋದದ್ದನ್ನು ಇಬ್ನ್ ಸೀನಾ ಆತ್ಮಕಥನದಲ್ಲಿ ನೆನೆಯುತ್ತಾರೆ. ಆಗಿನ್ನೂ ಅವರು ಹದಿಹರೆಯದ ವೈದ್ಯ. ಅಲ್ಲಿ ಒಂದೊಂದು ವಿದ್ಯೆಗೆ ಒಂದೊಂದು ಕೋಣೆ, ಕೋಣೆಯ ತುಂಬ ಪುಸ್ತಕದ ಪೆಟ್ಟಿಗೆಗಳು. ಅವರು ಮೊದಲು ಓದಿದ್ದು ಪ್ರಾಚೀನರ ಗ್ರಂಥಗಳ ಸೂಚಿಯನ್ನು. ಬೇಕಾದುದನ್ನು ಕೇಳಿ ಪಡೆದರು. ಹೆಸರೇ ಕೇಳಿರದ ಕೃತಿಗಳು ಅವರಿಗೆ ಸಿಕ್ಕಿದ್ದು ಹಾಗೆ.

ಈ ಕೆಲಸಕ್ಕೆ ನಮ್ಮ ಕಾಲದಲ್ಲಿ ಶಾಸ್ತ್ರದ ರೂಪ ಕೊಟ್ಟವರಲ್ಲಿ ಎಸ್.ಆರ್. ರಂಗನಾಥನ್ ಪ್ರಮುಖರು. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಪುಸ್ತಕಗಳನ್ನು ಕಾಯುವುದಲ್ಲ, ಬಳಸಲು ಕೊಡುವುದೇ ಗ್ರಂಥಾಲಯದ ಧರ್ಮ, ಓದುಗನ ಸಮಯ ಉಳಿಸಬೇಕು ಎಂಬ ವಿಚಾರಗಳನ್ನು 1931ರ ‘ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು’ ಕೃತಿಯಲ್ಲಿ ಮಂಡಿಸಿದರು. ಓದುಗರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ಮುಟ್ಟಿ ನೋಡಬೇಕು, ನಿಘಂಟು, ವಿಶ್ವಕೋಶಗಳ ಬಳಿ ದಾರಿ ತೋರುವವರೊಬ್ಬರು ಇರಬೇಕು ಎಂದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಅವರು, 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು.

ಕಥೆಯೊಂದಕ್ಕಾಗಿ ಒಂದು ಉರ್ದು ಪದದ ಅರ್ಥ ಹುಡುಕುತ್ತ ನಾನೊಮ್ಮೆ ಒಂದು ಕಾಲೇಜಿಗೆ ಹೋಗಿದ್ದೆ. ಗಾಜಿನ ಬೀರುವಿನೊಳಗೆ ದಪ್ಪ ನಿಘಂಟು ಕಾಣುತ್ತಿತ್ತು. ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ‘ಅದನ್ನು ಯಾರೂ ಕೇಳುವುದಿಲ್ಲ ಸಾರ್’ ಎಂದ ಅಲ್ಲಿದ್ದ ಹುಡುಗ. ಬೀಗ ಹಾಕಿಟ್ಟದ್ದನ್ನು ಯಾರು ತಾನೇ ಕೇಳುತ್ತಾರೆ? ನಮ್ಮ ಮದ್ರಸ, ಕಾಲೇಜು, ಮಸೀದಿಗಳಲ್ಲಿ ಇಂಥ ಬೀರುಗಳು ಇನ್ನೆಷ್ಟಿವೆಯೋ. ಬಗ್ದಾದ್, ಕೊರ್ದೊವಾಗಳ ವೈಭವದ ಬಗ್ಗೆ ಭಾಷಣ ಮಾಡುವ ಮೊದಲು ಅವುಗಳ ಬೀಗದ ಕೈ ಹುಡುಕೋಣ.