ಇಷ್ಟು ಸೋತ ಮೇಲೆ ಮುಂದಿನ ಸಲ ಗೆಲುವು ಖಚಿತವೇ? ದೊಡ್ಡ ಪೋಕರ್ ಟೂರ್ನಿಯ ಸೋಲು ಹೇಳುವ ಲೆಕ್ಕ

"ಚೆನ್ನಾಗಿಯೇ ಆಡಿದೆ, ಆದರೂ ಎರಡನೇ ದಿನವೇ ಹೊರಬಿದ್ದೆ. ಇರಲಿ, ಇಷ್ಟು ದುರದೃಷ್ಟ ಕಂಡ ಮೇಲೆ ಮುಂದಿನ ಸಲ ಅದೃಷ್ಟ ನನ್ನ ಕಡೆಗೇ ತಿರುಗಬೇಕು." ದೊಡ್ಡ ಪೋಕರ್ ಟೂರ್ನಿಯಿಂದ ಬರಿಗೈಯಲ್ಲಿ ಮರಳುವವರ ಬಾಯಲ್ಲಿ ಈ ಮಾತು ಸಾಮಾನ್ಯ. ಇದೇ ಮಾತು ಬೇರೆ ರೂಪದಲ್ಲಿ ನಮ್ಮ ಮೊಬೈಲ್‌ಗಳಿಗೂ ಬರುತ್ತದೆ: "ಸೋತೆ ಎಂದು ಬಿಡಬೇಡಿ, ಕಳೆದುಕೊಂಡದ್ದೆಲ್ಲ ಒಂದೇ ಆಟದಲ್ಲಿ ವಾಪಸ್ ಬರುತ್ತದೆ!"

ಇದು ನಿಜವೇ? ಒಂದು ಕೆಟ್ಟ ಟೂರ್ನಿಯಿಂದ ನಾವು ಏನನ್ನು ಕಲಿಯಬಹುದು, ಏನನ್ನು ಕಲಿಯಲಾಗದು? ಬನ್ನಿ, ತಿಳಿಯೋಣ.

ಯಾವುದು ಈ ದೊಡ್ಡ ಟೂರ್ನಿ?

ಪೋಕರ್ ಜಗತ್ತಿನ ಅತಿ ಹೆಸರಾಂತ ಸ್ಪರ್ಧೆ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ 'ವರ್ಲ್ಡ್ ಸೀರೀಸ್ ಆಫ್ ಪೋಕರ್'. 1970ರಲ್ಲಿ ಶುರುವಾದ ಈ ಸರಣಿಯ ಮುಖ್ಯ ಟೂರ್ನಿಯ ಹೆಸರು 'ಮೇನ್ ಇವೆಂಟ್'. ಇದು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಪ್ರವೇಶ ಶುಲ್ಕ 10,000 ಡಾಲರ್. ಕೈಯಲ್ಲಿರುವ ಚಿಪ್ಸ್ ಮುಗಿದರೆ ಆಟ ಮುಗಿಯಿತು, ಮತ್ತೆ ಹಣ ಕಟ್ಟಿ ಒಳಗೆ ಬರುವಂತಿಲ್ಲ.

2024ರಲ್ಲಿ ಇಲ್ಲಿ 10,112 ಪ್ರವೇಶಗಳು ದಾಖಲಾದವು. ಅಗ್ರ ಬಹುಮಾನ 1 ಕೋಟಿ ಡಾಲರ್. ಆದರೆ ಏನಾದರೂ ಬಹುಮಾನ ಸಿಗುವುದು ಸುಮಾರು ಶೇ. 15ರಷ್ಟು ಆಟಗಾರರಿಗೆ ಮಾತ್ರ. ಅಂದರೆ ನೂರು ಜನ ಹೋದರೆ ಸುಮಾರು 85 ಜನ ಕಟ್ಟಿದ ಹಣವನ್ನು ಪೂರ್ತಿ ಕಳೆದುಕೊಂಡು ಮನೆಗೆ ಮರಳುತ್ತಾರೆ. ಇಲ್ಲಿ ಬಹುತೇಕ ಎಲ್ಲರಿಗೂ ಸಿಗುವುದು ನಿರಾಸೆಯೇ.

ಚೆನ್ನಾಗಿ ಆಡಿದವರೂ ಸೋಲುವುದೇಕೆ?

ಟೆಕ್ಸಾಸ್ ಹೋಲ್ಡೆಮ್ ಎಂಬ ಆಟದಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆ ಹಂಚುತ್ತಾರೆ. ಮೇಜಿನ ಮೇಲೆ ಐದು ಎಲೆಗಳನ್ನು ಎಲ್ಲರಿಗೂ ಸೇರಿಸಿ ತೆರೆಯುತ್ತಾರೆ. ಕೈಗೆ ಬರಬಹುದಾದ ಅತ್ಯುತ್ತಮ ಜೋಡಿ ಎರಡು ಎಕ್ಕ. ಅದು ಸರಾಸರಿ 221 ಆಟಕ್ಕೊಮ್ಮೆ ಬರುತ್ತದೆ.

ನಿಮ್ಮ ಬಳಿ ಎರಡು ಎಕ್ಕ, ಎದುರಾಳಿಯ ಬಳಿ ಎರಡು ರಾಜ ಇವೆ ಎಂದುಕೊಳ್ಳೋಣ. ಇಬ್ಬರೂ ಎಲ್ಲ ಚಿಪ್ಸ್ ಮುಂದಿಟ್ಟಿದ್ದೀರಿ. ಇದಕ್ಕಿಂತ ಒಳ್ಳೆಯ ಸ್ಥಿತಿ ಸಿಗುವುದು ಕಷ್ಟ. ಆದರೂ ನೂರು ಸಲದಲ್ಲಿ ಸುಮಾರು 18 ಸಲ ರಾಜನೇ ಗೆಲ್ಲುತ್ತಾನೆ.

ಈಗ ಇನ್ನೊಂದು ಲೆಕ್ಕ. ಟೂರ್ನಿಯಲ್ಲಿ ಮುಂದೆ ಸಾಗಲು ಇಂಥ ನಿರ್ಣಾಯಕ ಘಟ್ಟಗಳನ್ನು ಐದು ಸಲ ದಾಟಬೇಕು, ಪ್ರತಿ ಸಲವೂ ಗೆಲ್ಲುವ ಸಾಧ್ಯತೆ ಶೇ. 80 ಇದೆ ಎಂದಿಟ್ಟುಕೊಳ್ಳಿ. ಐದನ್ನೂ ದಾಟುವ ಸಾಧ್ಯತೆ ಎಷ್ಟು? ಶೇ. 33 ಮಾತ್ರ. ಅಂದರೆ ಪ್ರತಿ ಸಲವೂ ಸರಿಯಾದ ನಿರ್ಧಾರ ತೆಗೆದುಕೊಂಡ ಮೂವರಲ್ಲಿ ಇಬ್ಬರು ಎಲ್ಲೋ ಒಂದು ಕಡೆ ಎಡವುತ್ತಾರೆ.

2008ರ ಮೇನ್ ಇವೆಂಟ್‌ನಲ್ಲಿ ಜಪಾನಿನ ಮೊಟೊಯುಕಿ ಮಬುಚಿ ಅವರಿಗೆ ನಾಲ್ಕು ಎಕ್ಕಗಳು ಕೂಡಿಬಂದವು. ಎದುರಾಳಿ ಜಸ್ಟಿನ್ ಫಿಲಿಪ್ಸ್ ಅವರಿಗೆ ಬಂದದ್ದು ಒಂದೇ ಬಣ್ಣದ, ಒಂದೇ ಗುರುತಿನ ಹತ್ತರಿಂದ ಎಕ್ಕದವರೆಗಿನ ಐದು ಎಲೆ, ಅಂದರೆ ರಾಯಲ್ ಫ್ಲಶ್. ಮಬುಚಿ ಸೋತರು. ನಾಲ್ಕು ಎಕ್ಕ ಹಿಡಿದು ಹಣ ಹಾಕಿದ್ದು ತಪ್ಪೇ? ಯಾವ ಅನುಭವಿ ಆಟಗಾರರೂ ತಪ್ಪು ಎನ್ನಲಾರರು. ಫಲಿತಾಂಶ ಕೆಟ್ಟದಾಗಿತ್ತು, ನಿರ್ಧಾರ ಕೆಟ್ಟದಾಗಿರಲಿಲ್ಲ.

"ಈಗ ಅದೃಷ್ಟದ ಸರದಿ" ಎಂಬುದು ನಿಜವೇ?

ಇಲ್ಲ. ಪ್ರತಿ ಆಟಕ್ಕೂ ಎಲೆಗಳನ್ನು ಹೊಸದಾಗಿ ಕಲೆಸುತ್ತಾರೆ. ನೀವು ನಿನ್ನೆ ಸೋತದ್ದು, ಕಳೆದ ವರ್ಷ ಸೋತದ್ದು ಇಸ್ಪೀಟು ಎಲೆಗೆ ಗೊತ್ತಿಲ್ಲ. ಸೋಲು ಬ್ಯಾಂಕಿನ ಠೇವಣಿಯಲ್ಲ, ಕೂಡಿಟ್ಟರೆ ಬಡ್ಡಿ ಸೇರಿ ಗೆಲುವಾಗಿ ಬರುವುದಿಲ್ಲ.

ಈ ತಪ್ಪು ನಂಬಿಕೆಗೆ 'ಜೂಜುಕೋರನ ಭ್ರಮೆ' ಎನ್ನುತ್ತಾರೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದ ರೂಲೆಟ್ ಚಕ್ರದಲ್ಲಿ ಸತತ 26 ಸಲ ಕಪ್ಪು ಬಂತು. "ಇಷ್ಟು ಸಲ ಕಪ್ಪು ಬಂದಿದೆ, ಇನ್ನು ಕೆಂಪು ಬರಲೇಬೇಕು" ಎಂದು ಜನ ಕೆಂಪಿನ ಮೇಲೆ ಹಣ ಸುರಿಯುತ್ತಲೇ ಹೋದರು, ಕಳೆದುಕೊಳ್ಳುತ್ತಲೇ ಹೋದರು. ಹಿಂದೆ ಬಂದ ಬಣ್ಣಕ್ಕೂ ಮುಂದೆ ಬರುವ ಬಣ್ಣಕ್ಕೂ ಸಂಬಂಧವೇ ಇರಲಿಲ್ಲ.

ಹಾಗಾದರೆ ಸೋತವರು ಚೆನ್ನಾಗಿ ಆಡಿದ್ದಾರೆ ಎಂದರ್ಥವೇ?

ಅದೂ ಅಲ್ಲ. ಒಂದು ಟೂರ್ನಿಯ ಸೋಲು ಆಟಗಾರನ ಕೌಶಲದ ಬಗ್ಗೆ ಹೇಳುವುದು ತೀರಾ ಕಡಿಮೆ. ಸಾಧಾರಣ ಆಟಗಾರನಿಗೆ ಬಹುಮಾನ ಸಿಗುವ ಸಾಧ್ಯತೆ ಶೇ. 15, ಒಳ್ಳೆಯ ಆಟಗಾರನಿಗೆ ಶೇ. 20 ಎಂದುಕೊಳ್ಳೋಣ. ಇಬ್ಬರೂ ಹತ್ತು ಸಲ ಮೇನ್ ಇವೆಂಟ್ ಆಡುತ್ತಾರೆ. ಹತ್ತರಲ್ಲಿ ಒಮ್ಮೆಯೂ ಬಹುಮಾನ ಸಿಗದಿರುವ ಸಾಧ್ಯತೆ ಸಾಧಾರಣ ಆಟಗಾರನಿಗೆ ಸುಮಾರು ಶೇ. 20. ಒಳ್ಳೆಯ ಆಟಗಾರನಿಗೂ ಅದು ಸುಮಾರು ಶೇ. 11!

ವರ್ಷಕ್ಕೊಂದೇ ಮೇನ್ ಇವೆಂಟ್. ಅಂದರೆ ಹತ್ತು ವರ್ಷ, ಒಂದು ಲಕ್ಷ ಡಾಲರ್ ಕಳೆದ ಮೇಲೂ ತಾನು ಯಾವ ಗುಂಪಿನವನು ಎಂಬುದು ಬರೀ ಫಲಿತಾಂಶದಿಂದ ಖಚಿತವಾಗಿ ತಿಳಿಯುವುದಿಲ್ಲ. ಆದ್ದರಿಂದ "ದುರದೃಷ್ಟ, ಅಷ್ಟೇ" ಎಂದು ತಳ್ಳಿಹಾಕುವುದೂ ತಪ್ಪು, "ನಾನು ಅಯೋಗ್ಯ" ಎಂದು ಕುಗ್ಗುವುದೂ ತಪ್ಪು.

ಗೆದ್ದವರ ಕಥೆಯೇ ಏಕೆ ಹರಿದಾಡುತ್ತದೆ?

2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಆನ್‌ಲೈನ್ ಅರ್ಹತಾ ಸುತ್ತಿನ ಮೂಲಕ ಮೇನ್ ಇವೆಂಟ್‌ಗೆ ಬಂದು 25 ಲಕ್ಷ ಡಾಲರ್ ಗೆದ್ದರು. ಆ ವರ್ಷ ಆಡಿದವರು 839 ಮಂದಿ. ಈ ಕಥೆ ಎಲ್ಲೆಡೆ ಹಬ್ಬಿತು, ಮರುವರ್ಷ ಆಟಗಾರರ ಸಂಖ್ಯೆ 2,576ಕ್ಕೆ ಏರಿತು. ಉಳಿದ 838 ಮಂದಿಯ ಕಥೆಯನ್ನು ಯಾರು ಹಂಚಿಕೊಂಡರು? ಫಾರ್ವರ್ಡ್ ಆಗುವುದು ಗೆದ್ದವರ ಫೋಟೊ ಮಾತ್ರ. ಅದನ್ನೇ ನೋಡುತ್ತಿದ್ದರೆ ಗೆಲುವು ಸುಲಭ ಎನಿಸುತ್ತದೆ.

ಸೋತ ಮೇಲೆ ಇನ್ನೊಂದು ಅಪಾಯವೂ ಇದೆ. ನಷ್ಟದಲ್ಲಿರುವ ಮನುಷ್ಯ ಅದನ್ನು ಸರಿದೂಗಿಸಲು ಮಾಮೂಲಿಗಿಂತ ಹೆಚ್ಚು ಅಪಾಯಕ್ಕೆ ಕೈ ಹಾಕುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ವಿವರಿಸಿದ್ದರು. ಸಿಟ್ಟು, ಬೇಸರದಲ್ಲಿ ವಿವೇಚನೆ ಬಿಟ್ಟು ಆಡುವುದನ್ನು ಪೋಕರ್ ಆಟಗಾರರು 'ಟಿಲ್ಟ್' ಎನ್ನುತ್ತಾರೆ. ಬಹಳಷ್ಟು ಹಣ ಹೋಗುವುದು ಮೊದಲ ಸೋಲಿನಲ್ಲಲ್ಲ, ಅದರ ಬೆನ್ನಟ್ಟಿ ಹೋದಾಗ.

ಸೋಲನ್ನು ಅವಲೋಕಿಸುವುದು ಹೇಗೆ?

• ಫಲಿತಾಂಶವನ್ನು ಪಕ್ಕಕ್ಕಿಡಿ. ಆ ಕ್ಷಣದಲ್ಲಿ ಗೊತ್ತಿದ್ದ ಮಾಹಿತಿಗೆ ನಿರ್ಧಾರ ಸರಿಯಿತ್ತೇ ಎಂದು ಕೇಳಿಕೊಳ್ಳಿ.
• ಕೊನೆಯ ಆಟವೊಂದನ್ನೇ ಮೆಲುಕು ಹಾಕಬೇಡಿ. ಚಿಪ್ಸ್ ಅದಕ್ಕೂ ಮೊದಲೇ ಸಣ್ಣ ಸಣ್ಣ ತಪ್ಪುಗಳಲ್ಲಿ ಸೋರಿಹೋಗಿರಬಹುದು.
• ಗೆದ್ದ ಆಟಗಳನ್ನೂ ಪರೀಕ್ಷಿಸಿ. ತಪ್ಪು ಆಡಿಯೂ ಗೆದ್ದದ್ದು ನಮ್ಮ ಗಮನಕ್ಕೆ ಬರುವುದೇ ಇಲ್ಲ.
• "ಕಳೆದದ್ದನ್ನು ವಾಪಸ್ ಪಡೆಯಬೇಕು" ಎಂಬುದು ಮತ್ತೆ ಆಡಲು ಕಾರಣವಾಗಬಾರದು. ಹೋದ ಹಣ ಹೋಯಿತು.

ಈ ಪಾಠ ಇಸ್ಪೀಟಿಗಷ್ಟೇ ಅಲ್ಲ, ಪರೀಕ್ಷೆ, ವ್ಯಾಪಾರ, ಷೇರುಪೇಟೆಗೂ ಅನ್ವಯಿಸುತ್ತದೆ.

ನಮಗೇಕೆ ಇದು ಮುಖ್ಯ?

ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಪೋಕರ್, ರಮ್ಮಿಯಂಥ ಆಟಗಳೂ ಇದರಲ್ಲಿ ಸೇರಿವೆ. ಹೀಗಿರುವಾಗ "ಕಳೆದುಕೊಂಡ ಹಣ ವಾಪಸ್ ಗೆಲ್ಲಿ" ಎನ್ನುವ ಲಿಂಕ್ ಬಂದರೆ ಒತ್ತಬೇಡಿ, ಯಾರಿಗೂ ಕಳುಹಿಸಲೂಬೇಡಿ.

ನಿಮ್ಮ ಮನೆಯಲ್ಲಿ ಅಥವಾ ಗೆಳೆಯರಲ್ಲಿ ಯಾರಾದರೂ ಸೋತ ಹಣದ ಬೆನ್ನು ಬಿದ್ದು ಸಾಲ ಮಾಡುತ್ತಿದ್ದರೆ, ನಿದ್ದೆಗೆಟ್ಟಿದ್ದರೆ, ಬೈಯುವ ಬದಲು ಮಾತನಾಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ಸೋಲಿನಿಂದ ಪಾಠ ಕಲಿಯಬಹುದು. ಆದರೆ ಸೋತದ್ದಕ್ಕೆ ಪ್ರತಿಯಾಗಿ ಅದೃಷ್ಟ ನಮಗೆ ಏನನ್ನೂ ಬಾಕಿ ಉಳಿಸಿಕೊಂಡಿರುವುದಿಲ್ಲ.