ಪರದೆಯ ಮುಂದೆ ಮಾಸ್ತರು: 1975ರಿಂದ 2021ರವರೆಗೆ

ನಿವೃತ್ತಿಗೆ ಮೂರೇ ತಿಂಗಳು ಉಳಿದಿದ್ದಾಗ, ಅಂದರೆ 2021ರ ಆಗಸ್ಟ್ ಕೊನೆಯಲ್ಲಿ, ನಾನೊಂದು ಆನ್‌ಲೈನ್ ತರಬೇತಿಗೆ ಕುಳಿತೆ. ಶಾಲೆಯ ಕಿರಿಯ ಮಿತ್ರರೊಬ್ಬರು “ಸರ್, ಇನ್ನು ಮೂರು ತಿಂಗಳಿಗೆ ಇದೆಲ್ಲ ಏತಕ್ಕೆ?” ಎಂದು ಕೇಳಿದ್ದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಕನಿಕರವಿತ್ತು. ಹಚ್ಚೊಳ್ಳಿಯ ನಮ್ಮ ಮನೆಯ ಒಳಗೆ ಮೊಬೈಲಿಗೆ ಸಂಕೇತ ಸಿಗುವುದಿಲ್ಲವಾದ್ದರಿಂದ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು, ಮೊಮ್ಮಗನಿಂದ ಗುಂಡಿ ಒತ್ತುವುದನ್ನು ಕಲಿತು, ಬೆಳಗಿನ ತಂಪಿನಲ್ಲಿ ಪಾಠ ಕೇಳತೊಡಗಿದೆ. ಹಾಗೆ ಕುಳಿತ ಮೊದಲ ದಿನವೇ ನನ್ನ ಸೋದರಮಾವ ನೆನಪಾದರು. ಪರದೆಯ ಮುಂದೆ ಕುಳಿತು ಪಾಠ ಹೇಳುವುದನ್ನು ಕಲಿತ ಮಾಸ್ತರರಲ್ಲಿ ನಮ್ಮ ಬಳಗಕ್ಕೆ ಅವರೇ ಮೊದಲಿಗರು.

ಈ ಸಂಗತಿ ನಮ್ಮ ಹುಡುಗರಲ್ಲಿ ಬಹುಮಂದಿಗೆ ತಿಳಿಯದು. ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ ನಮ್ಮ ದೇಶದಲ್ಲಿ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಎಂಬ ದೂರದರ್ಶನ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದಕ್ಕೆ ಆಯ್ಕೆಯಾಗಿದ್ದವು. ಕರ್ನಾಟಕದಲ್ಲಿ ಆ ಭಾಗ್ಯ ಅಂದಿನ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳಿಗೆ ದೊರೆಯಿತು. ಬಳ್ಳಾರಿ ಜಿಲ್ಲೆಯವರಾದ ನಮಗೆ ಇಲ್ಲ. ತುಂಗಭದ್ರೆಯ ಈಚೆ ದಡದಲ್ಲಿ ರೇಡಿಯೋ, ಆಚೆ ದಡದಲ್ಲಿ ಟಿ.ವಿ.! ನದಿಯಾಚೆಯ ಊರೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರಾಗಿದ್ದ ಮಾವನ ಮನೆಗೆ ಆ ವರ್ಷದ ದಸರಾ ರಜೆಯಲ್ಲಿ ನಾನು ಹಟ ಹಿಡಿದು ಹೋದದ್ದು ಅದಕ್ಕಾಗಿಯೇ. ಆಗ ನನಗೆ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿತ್ತು.

ಶಾಲೆಯ ಮಗ್ಗುಲಲ್ಲಿ ತಂತಿಬಲೆಯಿಂದ ಹೆಣೆದ, ಹತ್ತು ಅಡಿ ಅಗಲದ ದೊಡ್ಡ ಬುಟ್ಟಿಯಂತಹ ಆಂಟೆನಾ ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ ಮಾತ್ರ. ಒಂದು ಚಿತ್ರದೊಡನೆ ಎರಡು ಭಾಷೆಗಳ ಧ್ವನಿಯನ್ನು ಕಳುಹಿಸುವ ಅನುಕೂಲ ಆ ಉಪಗ್ರಹದಲ್ಲಿತ್ತೆಂದು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ.

ಆ ಅಕ್ಟೋಬರ್ ರಜೆಯಲ್ಲಿ ಪರದೆ ಮಕ್ಕಳಿಗಲ್ಲ, ಮಾಸ್ತರರಿಗೆ ಮೀಸಲಾಗಿತ್ತು. ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಚಟುವಟಿಕೆಯ ಮೂಲಕ ಕಲಿಸುವ ಬಗೆಗೆ ಹನ್ನೆರಡು ದಿನಗಳ ತರಬೇತಿ. ಮತ್ತೆ 1976ರ ಜೂನ್‌ನಲ್ಲಿ ಇನ್ನೊಂದು ತಂಡಕ್ಕೆ. ಆರು ರಾಜ್ಯಗಳಲ್ಲಿ ಎರಡೂ ಸಲ ಸೇರಿ ಸುಮಾರು 48,000 ಶಿಕ್ಷಕರು ಹೀಗೆ ತರಬೇತಿ ಪಡೆದರು. ಅದನ್ನು ರೂಪಿಸಿದವರು ಟಿ.ವಿ.ಯೊಂದನ್ನೇ ನಂಬಿ ಕೂಡಲಿಲ್ಲ. ರೇಡಿಯೋ ಪಾಠವಿತ್ತು, ಮುದ್ರಿತ ಪುಸ್ತಿಕೆಯಿತ್ತು, ಮಾಡಿ ನೋಡಲು ಸಾಮಗ್ರಿಯ ಪೆಟ್ಟಿಗೆಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಕೋಣೆಯಲ್ಲಿ ಜೊತೆಗೇ ಕುಳಿತು ಚರ್ಚೆ ನಡೆಸಲು ಮೊದಲೇ ತಯಾರಾದ ಶಿಕ್ಷಕರೊಬ್ಬರಿದ್ದರು. ಕಿಟಕಿಯ ಸರಳು ಹಿಡಿದು ನಾನು ನೋಡಿದ್ದು ಟಿ.ವಿ.ಯನ್ನಷ್ಟೇ ಅಲ್ಲ, ಸುತ್ತಲಿನ ಹಳ್ಳಿಗಳಿಂದ ಬಂದ ಮಾಸ್ತರರು ಟಿ.ವಿ. ಆರಿದ ಮೇಲೆ ಮೇಣದಬತ್ತಿ, ಗಾಜಿನ ಲೋಟ, ನೀರು ಇಟ್ಟುಕೊಂಡು ಹುಡುಗರಂತೆ ವಾದಿಸುತ್ತಿದ್ದುದನ್ನು. “ಅಳಿಯಾ, ಟಿ.ವಿ.ಯವ ತಾನು ಹೇಳೋದು ಹೇಳಿ ಹೋಗ್ತಾನ. ನಮಗ ತಿಳೀಲಿಲ್ಲ ಅಂದ್ರ ಅವನಿಗೇನು ಗೊತ್ತು? ಅದಕ್ಕ ಬರಕೋತೀನಿ” ಎಂದು ಮಾವ ತಮ್ಮ ಟಿಪ್ಪಣಿ ಪುಸ್ತಕ ತೋರಿಸಿದ್ದರು. ಹನ್ನೆರಡು ದಿನ, ಹನ್ನೆರಡು ಪುಟ. ಪ್ರತಿ ಪುಟದ ಕೊನೆಗೆ ‘ಕೇಳತಕ್ಕದ್ದು’ ಎಂದು ಒಂದು ಪ್ರಶ್ನೆ. ಆ ಪುಸ್ತಕ ಈಗ ನನ್ನ ಟ್ರಂಕಿನಲ್ಲಿದೆ.

ಉಪಗ್ರಹವನ್ನು ಕೊಟ್ಟವರು ಒಂದು ವರ್ಷಕ್ಕೆ ಹಿಂದಕ್ಕೆ ಪಡೆದರು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಬೆಂಗಳೂರಿಗಿಂತ ಮೊದಲು ನಮ್ಮ ಸೀಮೆಗೆ ಟಿ.ವಿ. ಕೇಂದ್ರ ಬಂದುದಕ್ಕೆ ಈ ಪ್ರಯೋಗವೇ ಕಾರಣ. ಆನಂತರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ದೇಶದಾದ್ಯಂತ ಶಿಕ್ಷಕರಿಗೆ ಹತ್ತು ದಿನಗಳ ಸಾಮೂಹಿಕ ತರಬೇತಿ ಶಿಬಿರಗಳು ನಡೆದವು. 1996ರ ಜನವರಿಯಲ್ಲಿ ಕರ್ನಾಟಕದ 20 ಕೇಂದ್ರಗಳಲ್ಲಿ ಸುಮಾರು 850 ಪ್ರಾಥಮಿಕ ಶಿಕ್ಷಕರನ್ನು ಏಳು ದಿನ ಪರದೆಯ ಮುಂದೆ ಕೂಡಿಸಿದರು. ಈ ಸಲ ಚಿತ್ರ ಒಂದು ಕಡೆಯಿಂದ ಬಂದರೂ ಮಾತು ಎರಡೂ ಕಡೆಯಿಂದ ಹೋಗುತ್ತಿತ್ತು. ದೂರವಾಣಿಯಲ್ಲಿ ಪ್ರಶ್ನೆ ಕೇಳಬಹುದಾಗಿತ್ತು. ಮಾವ ಆ ಹೊತ್ತಿಗೆ ನಿವೃತ್ತರಾಗಿದ್ದರು. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಕಂಡವು. 2010ರಲ್ಲಿ ಅದರ ಸೇವೆಯೂ ಮುಗಿಯಿತು. 2017ರಲ್ಲಿ ‘ದೀಕ್ಷಾ’ ವೇದಿಕೆ, 2019ರಲ್ಲಿ ‘ನಿಷ್ಠಾ’ ತರಬೇತಿ ಬಂದವು. ಮೊದಲು ಮುಖಾಮುಖಿಯಾಗಿ ನಡೆಯುತ್ತಿದ್ದ ನಿಷ್ಠಾ, ಕೋವಿಡ್ ನಿಮಿತ್ತ 2020ರ ಅಕ್ಟೋಬರ್‌ನಿಂದ ದೀಕ್ಷಾ ಮೂಲಕ ಮೊಬೈಲಿಗೆ ಇಳಿಯಿತು. 2021ರಲ್ಲಿ ಪ್ರೌಢಶಾಲೆಯವರಿಗಾಗಿ ಸಿದ್ಧವಾದ ಅದರ ಹದಿಮೂರು ಘಟಕಗಳಲ್ಲಿ ಹನ್ನೆರಡು ಎಲ್ಲರಿಗೂ ಸಾಮಾನ್ಯ, ಒಂದು ಮಾತ್ರ ಅವರವರ ವಿಷಯಕ್ಕೆ. ಭಾಷಾ ಶಿಕ್ಷಕನಾದ ನನಗೆ ಈ ಲೆಕ್ಕ ಸ್ವಲ್ಪ ಕಹಿಯೆನಿಸಿದ್ದು ನಿಜ.

ನನ್ನ ತರಬೇತಿಯ ವಿಷಯಕ್ಕೆ ಬರುತ್ತೇನೆ. ಸುಳ್ಳು ಏಕೆ ಹೇಳಲಿ, ಕೆಲವು ವಿಡಿಯೋಗಳನ್ನು ಓಡಿಸಿ ಮುಗಿಸಿದೆ. ಮಕ್ಕಳು ಪಾಠ ಓದದೆ ಪ್ರಶ್ನೋತ್ತರ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನೇ! ಆದರೆ ಭಾಷಾಬೋಧನೆಯ ಪಾಠದಲ್ಲಿ ಒಂದು ಕಡೆ ಕೈ ತಾನಾಗಿ ನಿಂತಿತು. ಮಗು ಎರಡನೆಯ ಭಾಷೆಯಲ್ಲಿ ಮಾಡುವ ತಪ್ಪು ಹಲವು ಸಲ ತಪ್ಪಲ್ಲ. ಮನೆಯ ಮಾತಿನ ನಿಯಮವನ್ನು ಅದು ಶಾಲೆಯ ಮಾತಿಗೆ ಅನ್ವಯಿಸುತ್ತಿರುತ್ತದೆ ಎಂಬ ಮಾತು ಅಲ್ಲಿತ್ತು. ಹೊಸ ಮಾತೇನೂ ಅಲ್ಲ. ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವಾಗಿ ಬಳಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಹೇಳಿದೆ. ನಾನು ಅದನ್ನು ಮನಸ್ಸಿಟ್ಟು ಓದಿರಲಿಲ್ಲ.

ಆಂಧ್ರದ ಗಡಿಗೆ ಅಂಟಿದ ನಮ್ಮ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಎಷ್ಟು ಮಂದಿ ಎಂಬುದು ನಿಮಗೆಲ್ಲ ಗೊತ್ತು. ಸುಮಾರು ಮೂವತ್ತು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ “ನಮ್ಮ ಅಕ್ಕ ಹೊಲಕ್ಕೆ ಹೋಯಿತು” ಎಂದು ಬರೆದಿದ್ದಳು. ನಾನು ಅದನ್ನು ಗಟ್ಟಿಯಾಗಿ ಓದಿ “ಅಕ್ಕನೋ, ಎಮ್ಮೆಯೋ?” ಎಂದೆ. ತರಗತಿಯೆಲ್ಲ ನಕ್ಕಿತು. ಆ ವರ್ಷವಿಡೀ ಅವಳು ಎದ್ದು ನಿಂತು ಓದಲಿಲ್ಲ. ಮಾರನೆಯ ವರ್ಷ ಶಾಲೆಗೇ ಬರಲಿಲ್ಲ. ಕಾರಣ ನನ್ನ ಮಾತೇ ಎಂದು ಹೇಳಲಾರೆ, ಅಲ್ಲವೆಂದು ಹೇಳುವ ಧೈರ್ಯವೂ ಇಲ್ಲ. ತೆಲುಗಿನಲ್ಲಿ ಅಕ್ಕ ಬಂದರೂ ‘ವಚ್ಚಿಂದಿ’, ಆಕಳು ಬಂದರೂ ‘ವಚ್ಚಿಂದಿ’. ಆ ಮಗು ತನ್ನ ಮನೆಯ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸಿತ್ತು. ವ್ಯಾಕರಣ ತಿಳಿಯದೆ ನಕ್ಕವನು ಬಿ.ಎಡ್. ಮಾಡಿದ ಮಾಸ್ತರು.

ಪಾಠದ ಕೊನೆಗೆ ಪರದೆ ನನ್ನನ್ನು ಬಹುಆಯ್ಕೆಯ ಪ್ರಶ್ನೆಗಳನ್ನು ಕೇಳಿತು. ನಾನು ಪರದೆಯನ್ನು ಏನೂ ಕೇಳುವಂತಿರಲಿಲ್ಲ. ಮಾವನ ಪದ್ಧತಿಯಂತೆ ಟಿಪ್ಪಣಿ ಪುಸ್ತಕದಲ್ಲಿ ‘ಕೇಳತಕ್ಕದ್ದು’ ಎಂದು ಬರೆದೆ: ಮಗು ಹೀಗೆ ಬರೆದರೆ ಕೆಂಪು ಮಸಿಯ ಬದಲು ಮಾಡಬೇಕಾದದ್ದೇನು? ಅದನ್ನು ಹಿಡಿದುಕೊಂಡು ಹೋದದ್ದು ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬರ ಬಳಿಗೆ; ಅವರ ಮನೆಮಾತು ತೆಲುಗು. ಅವರು ನಕ್ಕು, “ನಾನೂ ಚಿಕ್ಕವಳಿದ್ದಾಗ ಹಾಗೇ ಬರೆದು ಬೈಸಿಕೊಂಡಿದ್ದೆ ಸರ್. ಎರಡೂ ಬೋರ್ಡಿನ ಮೇಲೆ ಬರೆಯೋಣ” ಎಂದರು.

ಶಾಲೆಗಳು ಮತ್ತೆ ತೆರೆದಿದ್ದವು. ಅಕ್ಟೋಬರ್‌ನ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಇಬ್ಬರೂ ಸೇರಿ ಪಾಠ ಮಾಡಿದೆವು. ಎಡಕ್ಕೆ ತೆಲುಗು ವಾಕ್ಯ, ಬಲಕ್ಕೆ ಕನ್ನಡ ವಾಕ್ಯ. ತೆಲುಗನ್ನೂ ಕನ್ನಡ ಲಿಪಿಯಲ್ಲೇ ಬರೆದೆವು. ಅಣ್ಣ, ಅಕ್ಕ, ಆಕಳು ಮೂವರೂ ಬಂದು ಹೋದ ಮೇಲೆ ಕನ್ನಡದ ಮನೆಯ ಹುಡುಗನೊಬ್ಬ ಎದ್ದು, “ಸರ್, ಅಕ್ಕಂದಿರು ಇಬ್ಬರು ಬಂದರೆ?” ಎಂದ. ನನಗೆ ಗೊತ್ತಿರಲಿಲ್ಲ. ಶಿಕ್ಷಕಿ ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಹೇಳಿದಳು: “ಅಕ್ಕಲು ವಚ್ಚಾರು, ಸರ್. ಆಕಳುಗಳಾದರೆ ವಚ್ಚಾಯಿ. ಒಬ್ಬಳೇ ಇದ್ದಾಗ ಮಾತ್ರ ಅಕ್ಕನೂ ಆಕಳೂ ಒಂದೇ.”

ಬೋರ್ಡಿನ ಮೇಲೆ ಅದನ್ನು ಬರೆಯಲು ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟೆ.