ಜಿಡ್ಡು ಸವರಿದ ಬಟ್ಟೆತುಂಡು

ಕೇಪಿನ ಕೋವಿ ಗುರಿ ತಪ್ಪಿದರೆ ನಮ್ಮ ಕಡೆ ಮೊದಲು ಬೈಸಿಕೊಳ್ಳೋದು ಹೊಡೆದವನ ಕಣ್ಣು. ಸೋಮವಾರಪೇಟೆಯ ನಮ್ಮ ಚಿಕ್ಕಪ್ಪ ಮಾತ್ರ ಕಣ್ಣಿಗೆ ಬೈಯೋದಿಲ್ಲ. "ನಳಿಗೆ ಒಳಗೆ ಎಷ್ಟು ಕಿಟ್ಟ ಕೂತಿದೆ ನೋಡು ಮಾರಾಯ" ಅಂತಾರೆ.

ಈ ಕೋವಿಗೆ ಹಿಂದಿನಿಂದ ತೋಟೆ ಹಾಕುವ ಹಾಗಿಲ್ಲ. ಬಾಯಿಂದ ಮದ್ದು ಸುರಿದು, ಗುಂಡಿಟ್ಟು, ಗಜದಿಂದ ಜಡಿಯಬೇಕು. ಕಪ್ಪು ಮದ್ದು ಪೂರ್ತಿ ಗಾಳಿಯಾಗಿ ಹೋಗೋದಿಲ್ಲ. ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟ ತೇವ ಹೀರುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಏನಾಗುತ್ತೆ ಅಂತ ನಿಮಗೆ ಗೊತ್ತಿದ್ದರೆ ನಳಿಗೆಯ ಕಥೆಯೂ ಗೊತ್ತಾಯಿತು ಅನ್ನಿ. ಮೊದಲ ಗುಂಡು ಸಲೀಸಾಗಿ ಇಳಿಯುತ್ತೆ, ಮೂರನೆಯದನ್ನು ಒತ್ತೋವಾಗ ಬೆವರು ಬರುತ್ತೆ. ಪೂರ್ತಿ ಕೆಳಗೆ ಕೂರದ ಗುಂಡು ಗುರಿ ತಪ್ಪೋದಷ್ಟೇ ಅಲ್ಲ, ನಳಿಗೆಯನ್ನೇ ಸೀಳಬಹುದು.

ಒಳಗೆ ಸುರುಳಿ ಗೀರು ಇಲ್ಲದ ಕೋವಿಗೆ ಗುಂಡು ಸಡಿಲವಾಗಿಯೇ ಇರುತ್ತೆ. ಗೋಡೆಗೆ ಬಡಿಯುತ್ತಾ ಹೋಗಿ, ಬಾಯಿ ದಾಟುವಾಗ ಯಾವ ಕಡೆ ಬಡಿದಿತ್ತೋ ಅದರ ಎದುರು ಕಡೆಗೆ ಹಾರುತ್ತೆ. ಗೀರು ಇರುವ ರೈಫಲ್ಲಿನಲ್ಲಿ ಗುಂಡನ್ನು ಜಿಡ್ಡು ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ತುರುಕುತ್ತಾರೆ. ಗೀರನ್ನು ಹಿಡಿದು ಗುಂಡನ್ನು ತಿರುಗಿಸೋದು ಆ ಬಟ್ಟೆ. ಹೊಡೆದ ಮೇಲೆ ಅದು ಸ್ವಲ್ಪ ದೂರದಲ್ಲಿ ಬಿದ್ದಿರುತ್ತೆ. ಆಫೀಸಿನಲ್ಲಿ ಲಾಗ್ ಫೈಲ್ ಓದುವವರು ಅದನ್ನೂ ಓದಬಹುದು. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಸಾಲದು. ಕತ್ತರಿಸಿದಂತೆ ಹರಿದಿದ್ದರೆ ನಳಿಗೆಯ ಬಾಯಂಚೋ ಗೀರಿನ ಅಂಚೋ ಚೂಪಾಗಿದೆ. ಅಂಚು ನಾರುನಾರಾಗಿದ್ದೂ ಇನ್ನೊಮ್ಮೆ ಬಳಸಬಹುದು ಅನ್ನಿಸಿದರೆ ಎಲ್ಲ ಸರಿಯಿದೆ. ಪಾಲಿಯೆಸ್ಟರ್ ಹಾಕಬೇಡಿ, ಕರಗಿ ಅಂಟುತ್ತೆ.

ಇಷ್ಟೆಲ್ಲ ಹೇಳಿದ್ದು ಜಿಡ್ಡಿನ ವಿಷಯಕ್ಕೆ ಬರೋಕೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿಗೂ ಇದೇ ತಲೆನೋವಿತ್ತು. ಅಲ್ಲಿ ಬಟ್ಟೆಯ ಬದಲು ಗುಂಡಿಗೆ ಸುತ್ತಿದ ಕಾಗದ, ಕಿಟ್ಟದ ನಡುವೆ ಜಾರಲಿ ಅಂತ ಅದಕ್ಕೆ ಕೊಬ್ಬು, ಮೇಣ. ಯಾವ ಪ್ರಾಣಿಯ ಕೊಬ್ಬು ಎಂಬ ಪ್ರಶ್ನೆ ಶಾಲೆಯಲ್ಲಿ ಎಲ್ಲರೂ ಓದಿದ್ದೇ. ನಿಮಗೆ ಬೇಕಾದ ಜಿಡ್ಡು ನೀವೇ ಸವರಿಕೊಳ್ಳಿ ಎಂದು ಕಂಪನಿ ಸರ್ಕಾರ ಆಮೇಲೆ ಹೇಳಿತು. ಅಷ್ಟರಲ್ಲಿ ನಂಬಿಕೆ ಹೋಗಿತ್ತು. 1857ರ ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಸವಾರರು ತೋಟಾ ಮುಟ್ಟಲಿಲ್ಲ. ಮೇ 10ಕ್ಕೆ ದಂಗೆ.

ದಂಗೆ ಅಡಗಿದ ಮೇಲೆ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂತು. ಕೊಡಗಿಗೆ ಅದು ಅನ್ವಯಿಸೋದಿಲ್ಲ ಎಂದು 1861ರ ಫೆಬ್ರವರಿ 26ರಂದು ಪ್ರಕಟಿಸಿದವರು ಕಮಿಷನರ್ ಮಾರ್ಕ್ ಕಬ್ಬನ್. (ಹೌದು, ನೀವು ಭಾನುವಾರ ವಾಕಿಂಗ್ ಹೋಗುವ ಪಾರ್ಕಿನ ಕಬ್ಬನ್ನೇ. ಎರಡು ತಿಂಗಳಲ್ಲಿ, ಊರಿಗೆ ಹೋಗುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು.)

ಈ ವಿನಾಯಿತಿಯನ್ನು ನಾವು ಶೌರ್ಯದ ಬಿರುದು ಅಂತ ಹೇಳಿಕೊಳ್ಳುತ್ತೇವೆ. ಕಬ್ಬನ್ ಹೊಗಳಿದ್ದರಲ್ಲಿ ಶೌರ್ಯವೂ ಇತ್ತು, ನಿಷ್ಠೆಯೂ ಇತ್ತು. ನನ್ನ ಪ್ರಕಾರ ತೂಕ ನಿಷ್ಠೆಯದ್ದೇ. 1834ರಲ್ಲಿ ಚಿಕ್ಕವೀರರಾಜನ ರಾಜ್ಯ ಹೋದ ಮೂರೇ ವರ್ಷಕ್ಕೆ ಅಮರಸುಳ್ಯದ ದಂಗೆ ಆಯಿತು. ಅದನ್ನು ಅಡಗಿಸಲು ನೆರವಾದವರಿಗೆ ಬ್ರಿಟಿಷರು ಪದಕ ಕೊಟ್ಟರು. ದಂಗೆಯ ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಪದಕ ಮತ್ತು ಗಲ್ಲು ಎರಡೂ ಒಂದೇ ಜಿಲ್ಲೆಯ ನೆನಪು. ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಮುಡಿಸುವ ಮನೆಗಳಲ್ಲಿ, ಪುತ್ತರಿಗೆ ಕದಿರು ಕೊಯ್ದು ಗುಂಡು ಹಾರಿಸುವ ಗದ್ದೆಗಳಲ್ಲಿ ಕೋವಿ ದೇವರಷ್ಟೇ ಹತ್ತಿರದ್ದು. ಅದನ್ನು ನಾನು ತಮಾಷೆ ಮಾಡೋದಿಲ್ಲ.

ಆದರೆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ನಮ್ಮ ಮನೆಗೆ ಜಮ್ಮಾ ಇಲ್ಲ. ಹಾಗಾಗಿ ಬೇಲಿಯಾಚೆಯ ಕೋವಿಗೆ ಲೈಸೆನ್ಸ್ ಬೇಡ, ಚಿಕ್ಕಪ್ಪನ ಕೋವಿಗೆ ಬೇಕು. ಕಾಡುಹಂದಿ ಎರಡೂ ಗದ್ದೆಗೆ ನುಗ್ಗುತ್ತೆ. ಈ ಭೇದವನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಕೇಂದ್ರ ಸರ್ಕಾರ 2019ರಲ್ಲಿ ವಿಸ್ತರಿಸಿದ ವಿನಾಯಿತಿ 2029ರ ಅಕ್ಟೋಬರ್ ತನಕ ಇರುತ್ತದೆ. ಚಿಕ್ಕಪ್ಪ ತಮ್ಮ ಲೈಸೆನ್ಸ್ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ, ಮಳೆಗೆ ಒದ್ದೆಯಾಗದ ಹಾಗೆ.